ಅಡುಗೆಮನೆಯ ಹಿರಿಯರು

"ಏಯ್, ನಿಲ್ಸಿ ನಿಲ್ಸಿ! ಒಳಗಡೆ ಏನೋ ಇದೆ!" ಎಂದು ಬಿದಿರಿನ ಅಟ್ಟಣಿಗೆಯ ಮೇಲಿದ್ದ ಗಾರೆಯವನು ಕೂಗಿದ.

ಕೆಳಗೆ ಅಂಗಡಿಯ ಬಾಗಿಲಲ್ಲಿ ಕುಳಿತು ಒಣಶಾವಿಗೆಯನ್ನು ಕಟ್ಟು ಕಟ್ಟುತ್ತಿದ್ದ ಕ್ವೆ ತೆಕ್‌ಹೋಕ್, ತಲೆಗೆ ಬಿದ್ದ ಸುಣ್ಣದ ಪುಡಿಯನ್ನು ಕೊಡವಿಕೊಳ್ಳುತ್ತ ಬೀದಿಗೆ ಬಂದು ಕತ್ತೆತ್ತಿ ನೋಡಿದ. ಮಹಡಿಯ ಕಿಟಕಿಯ ಕೆಳಗೆ, ಅವನಿಗೆ ತಿಳಿವಳಿಕೆ ಬಂದಾಗಿನಿಂದ ಬೋಳಾಗಿದ್ದ ಗೋಡೆಯಲ್ಲಿ, ಸುಣ್ಣದ ಚಕ್ಕೆ ಹಾಳೆಹಾಳೆಯಾಗಿ ಎದ್ದು ಬರುತ್ತಿತ್ತು. ಅದರ ಹಿಂದೆ ಒಣಗಿದ ಕೆಮ್ಮಣ್ಣು. ಗಾರೆಯವನು ಕರಣೆ ಬಿಟ್ಟು ಪೊರಕೆ ಹಿಡಿದ. ಮಣ್ಣು ಉದುರಿತು. ಗೋಡೆಯಿಂದ ಉಬ್ಬಿ ನಿಂತ, ಮೊಳದಗಲದ ಒಂದು ಅಕ್ಷರ ಕಾಣಿಸಿತು. ಆಮೇಲೆ ಇನ್ನೊಂದು. ಮಧ್ಯಾಹ್ನದ ಊಟದ ಹೊತ್ತಿಗೆ ಪದಕ್ಕೊಂದರಂತೆ ನಾಲ್ಕು ಅಕ್ಷರಗಳೂ ಹೊರಬಂದವು. ಹೋಕ್‌ಗುವಾನ್ ಬಣ್ಣದ ಮನೆ: ಹಿಂದೆ ಬಟ್ಟೆಗೆ ಬಣ್ಣ ಹಾಕುತ್ತಿದ್ದವರ ಅಂಗಡಿ.

ಉಪ್ಪುಕಟ್ಟೆ ಬೀದಿಯ ಜನರೆಲ್ಲ ಬಟ್ಟಲು ಹಿಡಿದುಕೊಂಡೇ ಬಂದು ನಿಂತಿದ್ದರು. ಆ ಬೀದಿಯಲ್ಲಿ ಆಗ ಗೋಡೆ ಕೆರೆಯುವುದೆಂದರೆ ಮನೆಗಳ ಹಣೆಬರಹ ಓದಿದಂತೆ. ಬೀದಿಯನ್ನು ಹಳೆಯ ಹಾಗೆಯೇ ಹೊಸದು ಮಾಡುವುದೆಂದು ತೀರ್ಮಾನವಾಗಿ ಆರು ತಿಂಗಳಾಗಿತ್ತು. ಅಂಗಡಿಗಳೆಲ್ಲ ಸರ್ಕಾರದವು, ಜನರೆಲ್ಲ ಬಾಡಿಗೆಯವರು. ರಿಪೇರಿ ಮುಗಿದ ಮೇಲೆ ಯಾರು ವಾಪಸು ಬರಬಹುದು ಎಂಬುದಕ್ಕೆ ಒಂದೇ ನಿಯಮವಿತ್ತು: ಯಾರ ಮನೆತನದ ಹಳೆಯ ಹೆಸರು ಗೋಡೆಯ ಮೇಲೆ ಸಿಗುತ್ತದೋ ಅವರು. ಉಳಿದವರಿಗೆ ಬೈಪಾಸಿನ ಆಚೆ ಕಟ್ಟಿದ ಹೊಸ ಮಾರ್ಕೆಟ್ಟಿನಲ್ಲಿ ಮಳಿಗೆ; ಅವರು ಬಿಟ್ಟ ಅಂಗಡಿಗಳು ಹೊರಗಿನ ವ್ಯಾಪಾರಿಗಳಿಗೆ. ನಾಪಿತ ಚಿಯಾನ ಅಂಗಡಿಯ ಕಂಬದ ಮೇಲೆ ಅವನ ತಾತನ ಹೆಸರು ಸಿಕ್ಕಿದ ದಿನ ಅವನು ಎಷ್ಟು ಕುಡಿದಿದ್ದನೆಂದರೆ, ಮಾರನೆಯ ದಿನ ಯಾರೂ ಅವನ ಕತ್ತಿಗೆ ಗಲ್ಲ ಒಡ್ಡಲಿಲ್ಲ.

ಹೊಸ ಮಾರ್ಕೆಟ್ಟಿನ ಮಳಿಗೆಯನ್ನು ತೆಕ್‌ಹೋಕ್ ಹೋಗಿ ನೋಡಿ ಬಂದಿದ್ದ. ಸಿಮೆಂಟಿನ ಪೆಟ್ಟಿಗೆ, ಮುಂದೆ ಒಂದು ಶಟರು. ಅಂಗಳವಿಲ್ಲ. ಉಪ್ಪು ಬೆರೆಸಿದ ಹಿಟ್ಟನ್ನು ಎಳೆದು ಎಳೆದು ಕೂದಲಿನಷ್ಟು ಸಣ್ಣ ಮಾಡಿ ಬಿದಿರುಕೋಲಿಗೆ ನೇತುಹಾಕುವ ಶಾವಿಗೆಗೆ ಬಿಸಿಲೂ ಬೇಕು, ನದಿಯ ಕಡೆಯ ಗಾಳಿಯೂ ಬೇಕು. ಅಲ್ಲಿ ಎರಡೂ ಇರಲಿಲ್ಲ. ಬೇರೆಯವರು ಯಂತ್ರದಲ್ಲಿ ಮಾಡಿದ್ದನ್ನು ತಂದು ಮಾರಬಹುದಿತ್ತು, ಅಷ್ಟೆ.

ರಿಪೇರಿ ಕೆಲಸದ ಉಸ್ತುವಾರಿಗೆ ಪ್ರಾಂತ್ಯದ ರಾಜಧಾನಿಯಿಂದ ಬಂದಿದ್ದ ಲುವೋ ಮೇಡಂ ಹಳದಿ ಹೆಲ್ಮೆಟ್ಟಿನಲ್ಲಿ ಜನರನ್ನು ಸರಿಸಿಕೊಂಡು ಬಂದಳು. ಒಳ್ಳೆಯ ಹೆಂಗಸು. ಚಳಿಗಾಲ ಶುರುವಾದಾಗಿನಿಂದ ದಿನಾ ಬೆಳಗ್ಗೆ ತೆಕ್‌ಹೋಕ್‌ನ ಹೆಂಡತಿಯ ಕೈಯ ಶಾವಿಗೆ ಸಾರು ಕುಡಿದು ಕೆಲಸಕ್ಕೆ ಹೋಗುತ್ತಿದ್ದವಳು.

"ಕ್ವೆ ಅವರೇ, ಒಂದು ಅಕ್ಷರಾನೂ ಮುಕ್ಕಾಗಿಲ್ಲ ನೋಡಿ! ಇಡೀ ಬೀದೀಲಿ ಇಷ್ಟು ಚೆನ್ನಾಗಿರೋದು ಇನ್ನೊಂದಿಲ್ಲ. ನಿಮ್ಮ ತಾತನ ಕಾಲದ್ದಾ?"

ತೆಕ್‌ಹೋಕ್ ಬಾಯಿ ತೆರೆಯುವ ಮೊದಲೇ ಚಿಯಾ ಬಾಯಿ ಹಾಕಿದ.

"ಇನ್ಯಾರದ್ದು ಮತ್ತೆ? ಇವನ ತಾತ ಇದೇ ಬಾಗಿಲಲ್ಲಿ ಕಾಲ ಮೇಲೆ ಕಾಲು ಹಾಕ್ಕೊಂಡು ಕೂತಿರ್ತಿದ್ದ ಮೇಡಂ. ಬಣ್ಣದ ತೊಟ್ಟಿಗೆ ಬಗ್ಗಿ ಬಗ್ಗಿ ಗಡ್ಡ ಎಲ್ಲಾ ನೀಲಿ! ನಾನೇ ಕ್ಷೌರ ಮಾಡಿದೀನಿ."

"ನೀನಾ? ಆಗ ನೀನು ಚಡ್ಡಿ ಹಾಕ್ತಿದ್ಯಾ?" ಎಂದು ಯಾರೋ ಹಿಂದಿನಿಂದ ಕೇಳಿದರು.

"ನಮ್ಮಪ್ಪ ಮಾಡ್ದ. ನಾನು ನೀರು ಹಿಡ್ಕೊಂಡಿದ್ದೆ. ಎಲ್ಲಾ ಒಂದೇ ಮನೆತನದ ಕೈ ತಾನೇ?"

ಜನ ನಕ್ಕರು. ಲುವೋ ಮೇಡಂ ಕೂಡ ನಕ್ಕಳು, ಆದರೆ ಕಣ್ಣನ್ನು ತೆಕ್‌ಹೋಕ್‌ನಿಂದ ತೆಗೆಯಲಿಲ್ಲ. "ಹೌದಾ?"

ತೆಕ್‌ಹೋಕ್‌ನ ತಾತ ಗುಡ್ಡದ ಒಳನಾಡಿನಲ್ಲಿ ಗೆಣಸು ಬೆಳೆಯುತ್ತಿದ್ದವನು. ಅವನು ಈ ನದಿಯನ್ನೇ ನೋಡಿರಲಿಲ್ಲ. ಅಪ್ಪನಿಗೆ ಈ ಮನೆಯನ್ನು ಕೊಟ್ಟದ್ದು ಶಾವಿಗೆಯವರ ಸಹಕಾರ ಸಂಘ. ಆಗಲೇ ಮನೆ ಖಾಲಿ ಬಿದ್ದಿತ್ತು. ಇದೆಲ್ಲ ಅಲ್ಲಿ ನಿಂತ ಹಳಬರಿಗೆ ಗೊತ್ತಿತ್ತು. ಅವನಿಗಾಗಿಯೇ ಎಲ್ಲರೂ ಸುಮ್ಮನಿದ್ದರು.

"ಹೌದು," ಎಂದ ತೆಕ್‌ಹೋಕ್. ಶಾವಿಗೆ ಇವತ್ತಿನದಾ ಎಂದು ಗಿರಾಕಿ ಕೇಳಿದರೆ ಹೇಳುವಷ್ಟೇ ಸಲೀಸಾಗಿ ಮಾತು ಬಾಯಿಂದ ಹೊರಟಿತ್ತು.

"ಹಾಗಾದ್ರೆ ನಾಡಿದ್ದು ಬೀದಿ ಸಮಿತಿಗೆ ಬನ್ನಿ. ಜೊತೇಲಿ ಇಬ್ಬರು ಹಿರಿಯರು ಬಂದು ಬಾಯಲ್ಲಿ ಹೇಳಿದ್ರೆ ಸಾಕು. ನಾನು ರೆಕಾರ್ಡ್ ಮಾಡ್ಕೋತೀನಿ, ಮುಗೀತು."

*

ಅವತ್ತು ಚಳಿಗಾಲದ ಅತಿ ಚಿಕ್ಕ ಹಗಲು. ಎಲ್ಲರ ಮನೆಯಲ್ಲೂ ಅಕ್ಕಿಹಿಟ್ಟಿನ ಉಂಡೆ ಬೆಲ್ಲದ ಪಾಕದಲ್ಲಿ ಕುದಿಯುವ ದಿನ. ತೆಕ್‌ಹೋಕ್ ಒಳಗೆ ಹೋದಾಗ ಅವನ ತಾಯಿ ಅಡುಗೆಮನೆಯ ಹೊಸ್ತಿಲ ಬಳಿ ಕುಳ್ಳ ಮಣೆ ಹಾಕಿ ಒಳಮುಖವಾಗಿ ಊಟ ಬಡಿಸುತ್ತಿದ್ದಳು. ಒಂದು ಬಟ್ಟಲು ಅನ್ನ, ಒಂದು ಕೋಳಿ ಕಾಲು, ಉಂಡೆಯ ಬಟ್ಟಲು, ಜೋಡಿ ಊಟದ ಕಡ್ಡಿ. ಊದುಬತ್ತಿ ಹಚ್ಚಿ ಕೈಯಲ್ಲಿ ಹಿಡಿದಿದ್ದಳು.

ಇದು ಮನೆಯ ಮೊದಲಿನವರ ಊಟ. ಯಾವ ಮನೆಯಲ್ಲೇ ಆಗಲಿ, ಮುಂಚೆ ಬಾಳಿಹೋದವರು ನೆಲ ಬಿಟ್ಟು ಹೋಗುವುದಿಲ್ಲ. ಅವರು ಅಡುಗೆಮನೆಯಲ್ಲಿ ಇರುತ್ತಾರೆ, ಕುಳ್ಳಗಿರುತ್ತಾರೆ, ಆದ್ದರಿಂದ ಮಣೆಯೂ ಕುಳ್ಳಗಿರಬೇಕು. ಸ್ವಂತ ಹಿರಿಯರಿಗೆ ನಡುಮನೆಯ ಎತ್ತರದ ಪೀಠ, ಮೊದಲಿನವರಿಗೆ ಅಡುಗೆಮನೆಯ ಮಣೆ. ಅವನ ತಾಯಿ ಮದುವೆಯಾಗಿ ಈ ಮನೆಗೆ ಬಂದ ಮೊದಲ ವಾರವೇ ಗಂಡನಿಗೆ ಜ್ವರ ಬಂದಿತ್ತಂತೆ. ಹೇಳದೆ ಕೇಳದೆ ಬಂದು ಒಲೆ ಹಚ್ಚಿದ್ದೀರಿ, ಅವರಿಗೂ ಒಂದು ತುತ್ತು ಇಡಿ ಎಂದು ಪಕ್ಕದ ಮನೆಯವರು ಹೇಳಿದ್ದರು. ಅವತ್ತಿನಿಂದ ಒಂದು ಹಬ್ಬವೂ ತಪ್ಪಿರಲಿಲ್ಲ. ಬತ್ತಿ ಹಚ್ಚಬಾರದೆಂದು ಕಟ್ಟಪ್ಪಣೆ ಇದ್ದ ವರ್ಷಗಳಲ್ಲಿ ಬತ್ತಿಯಿಲ್ಲದೆ, ಅಕ್ಕಿಯಿಲ್ಲದ ವರ್ಷಗಳಲ್ಲಿ ಗೆಣಸಿನ ಚೂರಿನಲ್ಲಿ.

"ಹೊರಗೆ ಏನು ಗಲಾಟೆ ಕಣಪ್ಪ?"

"ಗೋಡೆ ಮೇಲೆ ಹೆಸರು ಸಿಕ್ತು ಅವ್ವ. ಹೋಕ್‌ಗುವಾನ್ ಬಣ್ಣದ ಮನೆ ಅಂತ."

ಮುದುಕಿಗೆ ಓದು ಬರುತ್ತಿರಲಿಲ್ಲ. ಆ ಹೆಸರನ್ನು ಬಾಯೊಳಗೇ ಒಂದೆರಡು ಸಲ ಹೇಳಿ ನೋಡಿಕೊಂಡಳು. "ಹೋಕ್‌ಗುವಾನ್. ಹಾಗಂತ ಇತ್ತಾ! ಅಂಗಳದ ಕಲ್ಲೆಲ್ಲ ನೀಲಿ ಇತ್ತು ನಾನು ಬಂದಾಗ. ಎಷ್ಟು ತಿಕ್ಕಿದ್ರೂ ಹೋಗ್ಲಿಲ್ಲ. ದಕ್ಷಿಣ ಸಮುದ್ರದ ಕಡೆಗೆ ಹಡಗು ಹತ್ತಿಹೋದ್ರು ಅಂತಿದ್ರು. ಹಡಗು ಮುಟ್ಟಿತೋ ಇಲ್ವೋ ಯಾರಿಗೂ ಗೊತ್ತಿಲ್ಲ." ಬತ್ತಿಯ ಬೂದಿ ಕೊಡವುತ್ತ ಕೇಳಿದಳು. "ಮಣ್ಣು ಸಲೀಸಾಗಿ ಬಂತಾ?"

"ಯಾವ ಮಣ್ಣು?"

"ನಿಮ್ಮಪ್ಪ ಮೆತ್ತಿದ್ದು. ಹಳೇದನ್ನೆಲ್ಲ ಒಡೀಬೇಕು ಅಂತ ಸುತ್ತಿಗೆ ಹಿಡ್ಕೊಂಡು ಹುಡುಗ್ರು ಬೀದಿಬೀದಿ ತಿರುಗಿದ್ರಲ್ಲ, ಆ ವರ್ಷ. ನೀನಿನ್ನೂ ಸ್ಕೂಲಿಗೆ ಸೇರಿರ್ಲಿಲ್ಲ. ಚಿಯಾನ ಮನೆ ಮುಂದೆ ಎರಡು ಅಕ್ಷರ ಪುಡಿ ಮಾಡಿದ್ರು. ನಿಮ್ಮಪ್ಪ, ನಮ್ಮನೇದು ನಾನೇ ಅಳಿಸ್ತೀನಿ ಬಿಡ್ರಪ್ಪ ಅಂತ ಏಣಿ ಹತ್ತಿದ್ರು. ಒಳಗೆ ಮಣ್ಣು, ಮೇಲೆ ಸುಣ್ಣ. ಯಾಕೆ ಮಣ್ಣು ಅಂದೆ. ಮೊದಲಿನೋರು ವಾಪಸ್ ಬಂದ್ರೆ ಕೆರ್ಕೊಳ್ಳೋಕೆ ಸುಲಭ ಆಗ್ಲಿ ಅಂದ್ರು."

ಅಪ್ಪ ಏಣಿಯ ಮೇಲಿದ್ದದ್ದು ತೆಕ್‌ಹೋಕ್‌ಗೆ ನೆನಪಿತ್ತು. ಹೊಸವರ್ಷಕ್ಕೆ ಸುಣ್ಣ ಹೊಡೆಯುತ್ತಿದ್ದಾರೆಂದೇ ಅವನು ಇಷ್ಟು ಕಾಲ ತಿಳಿದಿದ್ದ. ಅವನು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತ.

"ಅವ್ವ, ಅದು ನಮ್ಮ ತಾತಂದು ಅಂತ ಹೇಳ್ಬಿಟ್ಟೆ. ಹಾಗಂದ್ರೆ ಇಲ್ಲೇ ಇರಬಹುದು."

ತಾಯಿ ಬತ್ತಿಗಳನ್ನು ಅಕ್ಕಿ ತುಂಬಿದ ಡಬ್ಬಿಗೆ ಸಿಕ್ಕಿಸಿದಳು. ಬೈಯಲಿಲ್ಲ. ಹೊಗೆ ಒಳಗಡೆಗೆ ಹೋಗುವುದನ್ನು ನೋಡುತ್ತ, "ಉಂಡೆ ಆರಿಹೋಗತ್ತೆ, ತಿನ್ನೋಗು," ಎಂದಳು.

*

ಮಾರನೆಯ ಬೆಳಗ್ಗೆ ಹಿಟ್ಟು ನಾದಲು ಎದ್ದ ತೆಕ್‌ಹೋಕ್ ನಡುಮನೆಯಲ್ಲಿ ನಿಂತುಬಿಟ್ಟ. ಪೀಠದ ಮಧ್ಯದಲ್ಲಿದ್ದ ಅಪ್ಪನ ಫೋಟೊ ಒಂದು ಮೂಲೆಗೆ ಸರಿದಿತ್ತು. ತಾತನ ಹೆಸರಿನ ಮರದ ಹಲಗೆ ಅದರ ಹಿಂದೆ ಗೋಡೆಗೆ ಒರಗಿತ್ತು. ಮಧ್ಯದಲ್ಲಿ ಅಡುಗೆಮನೆಯ ಅಕ್ಕಿ ಡಬ್ಬಿ, ಅದರಲ್ಲಿ ಸಿಕ್ಕಿಸಿದ ಬತ್ತಿಗಳು, ಮುಂದೆ ಅನ್ನದ ಬಟ್ಟಲು. ತಾಯಿ ಸ್ಟೂಲಿನ ಮೇಲೆ ನಿಂತು ಪೀಠ ಒರೆಸುತ್ತಿದ್ದಳು.

"ಬಿದ್ರೆ ಏನು ಗತಿ ಅವ್ವ! ಇಳಿ ಕೆಳಗೆ. ಏನಿದು?"

"ಅವರು ನಮ್ಮ ಹಿರಿಯರು ಅಂತ ಊರಿಗೆಲ್ಲ ಹೇಳಿದೀಯಲ್ಲ. ಹಿರಿಯರನ್ನ ಅಡುಗೆಮನೇಲಿ ಕೂರಿಸ್ತಾರಾ? ನಿಮ್ಮಪ್ಪಂಗೆ ಸ್ವಲ್ಪ ಸರ್ಕೊಳ್ಳಿ ಅಂದೆ."

ಅಣಕವಾಗಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅಣಕವಿರಲಿಲ್ಲ. ಮನೆಗೆ ನೆಂಟರು ಬಂದಾಗ ಯಾರನ್ನು ಎಲ್ಲಿ ಮಲಗಿಸುವುದೆಂದು ಯೋಚಿಸುವವಳ ಮುಖ ಅದು.

"ಒಂದೇ ಕಷ್ಟ," ಎಂದಳು. "ಏನಂತ ಕರೀಲಿ? ಹೋಕ್‌ಗುವಾನ್ ಅಂಗಡಿ ಹೆಸರಾಯ್ತು. ಮನೆತನದ ಹೆಸರು ಗೊತ್ತಿಲ್ಲ. ಕ್ವೆ ಅಂತ ಕರೆದ್ರೆ ಅವರು ತಿರುಗಿ ನೋಡ್ತಾರಾ? ಸುಮ್ನೆ ಬನ್ನಿ ಅಂದೆ. ನಿಮ್ಮಪ್ಪ ಬಂದ್ರೋ ಅವರು ಬಂದ್ರೋ, ಯಾರೂ ಬರ್ಲೇ ಇಲ್ವೋ. ಬತ್ತಿ ಅರ್ಧಕ್ಕೇ ಆರಿಹೋಯ್ತು."

ಅಂಗಳದಿಂದ ಅವನ ಹೆಂಡತಿ ಪೆಕ್‌ಹಾ ಕೈಯ ಹಿಟ್ಟು ಒರೆಸಿಕೊಳ್ಳುತ್ತ ಬಂದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಅತ್ತೆ, ನೀವು ಹೇಳೋದು ಸರಿ. ಆದ್ರೆ ನನ್ನ ಮಾತೂ ಕೇಳಿ. ಅವರು ಬರಲ್ಲ. ಬರೋರಾಗಿದ್ರೆ ಇಷ್ಟೊತ್ತಿಗೆ ಬರ್ತಿದ್ರು. ನಾವು ಯಾರ ಮನೇನೂ ಕಿತ್ಕೊಂಡಿಲ್ಲ. ನಮ್ಮನ್ನ ಓಡಿಸಿ ಇಲ್ಲಿಗೆ ಅವರ ಮೊಮ್ಮಕ್ಕಳು ಬರ್ತಾರೆ ಅಂದ್ರೆ ನಾನೇ ಬೀಗದಕೈ ಕೊಡ್ತೀನಿ. ಬರೋದು ಯಾರು? ಕಾಫಿ ಮಾರೋನು."

"ಹೂಂ."

"ನೀವು ಇಷ್ಟು ವರ್ಷ ಅವರಿಗೆ ಅನ್ನ ಇಟ್ಟಿದೀರ. ಸ್ವಂತ ಮಕ್ಕಳು ಇಡ್ಲಿಲ್ಲ, ನೀವು ಇಟ್ರಿ. ಅವರಿಗೂ ನಮ್ಮ ಋಣ ಇಲ್ವಾ? ಒಂದು ಹೆಸರು ಕೊಡ್ಲಿ. ಅವರಿಗೇನು ಖರ್ಚು?"

ಮುದುಕಿ ಸ್ಟೂಲಿನಿಂದ ಮಗನ ಭುಜ ಹಿಡಿದು ಇಳಿದಳು. ಸೊಸೆಯ ಮಾತನ್ನು ತೂಗಿ ನೋಡಿದಳು, ಅದರಲ್ಲಿ ತೂಕವಿತ್ತು. ಪೆಕ್‌ಹಾ ಮೂವತ್ತು ವರ್ಷ ಆ ಅಂಗಳದಲ್ಲಿ ಬೆಳಗಿನ ಜಾವ ಶಾವಿಗೆ ಎಳೆದವಳು. ಅವಳ ಬಲಭುಜ ಎಡಭುಜಕ್ಕಿಂತ ಕೆಳಗಿಳಿದಿತ್ತು.

"ಋಣ ಇದ್ರೂ ಇರಬಹುದು ಕಣಮ್ಮ," ಎಂದಳು ಕೊನೆಗೆ. "ನಂಗೆ ಅದು ಗೊತ್ತಾಗಲ್ಲ. ನಂಗೆ ಗೊತ್ತಿರೋದು ಇಷ್ಟೇ. ಅವರ ಕಡೆಯೋರು ಒಬ್ಬ ಯಾರಾದ್ರೂ ಬಂದ ಅಂತಿಟ್ಕೋ. ಅವನ ಹತ್ರ ಏನಿರತ್ತೆ? ಈ ಊರಿಗೆ ಹೋಗು, ಉಪ್ಪುಕಟ್ಟೆ ಬೀದೀಲಿ ಹೋಕ್‌ಗುವಾನ್ ಅಂತ ಕೇಳು ಅಂತ ಅವನ ಅಜ್ಜಿ ಹೇಳಿರ್ತಾಳೆ, ಅಷ್ಟೇ. ಕೇಳ್ತಾನೆ. ಆಗ ಬೀದಿಯೋರೆಲ್ಲ ನನ್ನ ಮಗನ್ನ ತೋರ್ಸಿ, ಇವರೇ ಹೋಕ್‌ಗುವಾನ್‌ನವರು, ಅವರ ತಾತಂಗೆ ನೀಲಿ ಗಡ್ಡ ಇತ್ತು, ನೀನು ಯಾರಪ್ಪ ಅಂತಾರೆ. ಅವನು ಎಲ್ಲಿಗೆ ಹೋಗ್ಬೇಕು?"

ಪೆಕ್‌ಹಾಳ ಸ್ವಂತ ಚಿಕ್ಕಪ್ಪನೊಬ್ಬ ಹಾಗೆಯೇ ಹಡಗು ಹತ್ತಿ ಹೋದವನು. ಅವನಿಂದಲೂ ಸುದ್ದಿ ಇರಲಿಲ್ಲ. ಅವಳು ಅಂಗಳಕ್ಕೆ ವಾಪಸು ಹೋಗಿ ನಾದಿದ ಹಿಟ್ಟನ್ನೇ ಮತ್ತೆ ನಾದತೊಡಗಿದಳು, ಹಲಗೆ ದಡದಡ ಸದ್ದು ಮಾಡುವಷ್ಟು ಜೋರಾಗಿ.

*

ಬೀದಿ ಸಮಿತಿಯ ಕೋಣೆಯಲ್ಲಿ ಚಿಯಾ ಆಗಲೇ ಬಂದು ಕುಳಿತಿದ್ದ. ಮದುವೆ ಮನೆಗೆ ಹಾಕುವ ಕರಿಕೋಟು ಹಾಕಿ, ತಲೆಗೆ ಎಣ್ಣೆ ಹಚ್ಚಿದ್ದ. ಜೊತೆಗೆ ಔಷಧಿ ಅಂಗಡಿಯ ತಿಯೋ ಮಾವ, ತೊಂಬತ್ತು ದಾಟಿದವರು, ಕಿವಿ ಪೂರಾ ಮಂದ. ಲುವೋ ಮೇಡಂ ಎಲ್ಲರಿಗೂ ಚಹಾ ಬಗ್ಗಿಸಿ ಫೋನನ್ನು ಮೇಜಿನ ಮೇಲಿಟ್ಟಳು.

"ಶುರು ಮಾಡೋಣ್ವಾ?"

"ಮೇಡಂ," ಎಂದ ತೆಕ್‌ಹೋಕ್. ಚಹಾ ಮುಟ್ಟಿರಲಿಲ್ಲ. "ಅದು ನಮ್ಮದಲ್ಲ."

"ಯಾವುದು?"

"ಹೆಸರು. ನಮ್ಮ ತಾತ ಈ ಊರಿಗೇ ಬಂದೋರಲ್ಲ. ನಮ್ಮಪ್ಪಂಗೆ ಸಹಕಾರ ಸಂಘದೋರು ಕೊಟ್ಟ ಮನೆ ಅದು. ನಾನು ಸುಳ್ಳು ಹೇಳ್ದೆ."

ಚಿಯಾ ಬಟ್ಟಲನ್ನು ಕುಕ್ಕಿದ. "ಲೋ, ನಿಂಗೇನಾದ್ರೂ ತಲೆ ಕೆಟ್ಟಿದೆಯೇನೋ? ನಿನ್ನ ತಾತನ್ನ ಕಣ್ಣಾರೆ ನೋಡಿದೀನಿ ಅಂತ ಆಣೆ ಇಡೋಕೆ ಕೋಟು ಹಾಕ್ಕೊಂಡು ಬಂದಿದೀನಿ! ಈ ಕೋಟಲ್ಲಿ ಉಸಿರು ಆಡ್ತಿಲ್ಲ ನಂಗೆ! ಮೇಡಂ, ಇವನ ಮಾತು ಕೇಳ್ಬೇಡಿ, ಮೂರು ದಿನದಿಂದ ಊಟ ಸರಿಯಾಗಿ ಮಾಡಿಲ್ಲ."

"ಏನಂತೆ?" ಎಂದರು ತಿಯೋ ಮಾವ.

"ತಾತ ಇಲ್ವಂತೆ!" ಎಂದು ಚಿಯಾ ಅವರ ಕಿವಿಯಲ್ಲಿ ಕೂಗಿದ.

"ಪಾಪ. ಯಾವಾಗ ತೀರ್ಕೊಂಡ್ರು?"

ಲುವೋ ಮೇಡಂ ಫೋನನ್ನು ಬೋರಲು ಹಾಕಿದಳು. ಕಿಟಕಿಯ ಹೊರಗೆ ನೋಡಿದಳು. ಅಲ್ಲಿ ಬೀದಿಯುದ್ದಕ್ಕೂ ಬಿದಿರಿನ ಅಟ್ಟಣಿಗೆಗಳು, ಹಸಿರು ಬಲೆ.

"ಕ್ವೆ ಅವರೇ, ನಾನು ಇನ್ನೇನೂ ಕೇಳ್ತಿರ್ಲಿಲ್ಲ," ಎಂದಳು ಮೆಲ್ಲಗೆ. "ನೀವು ಸುಮ್ನೆ ಕೂತಿದ್ರೆ ಸಾಕಿತ್ತು."

"ಗೊತ್ತು ಮೇಡಂ."

"ಈಗ ನಾನು ಏನೂ ಮಾಡೋ ಹಾಗಿಲ್ಲ. ಕೇಳಿಸ್ಕೊಂಡ್ಬಿಟ್ಟೆ."

"ಗೊತ್ತು."

"ಅದು ಯಾರದ್ದು ಮತ್ತೆ?"

"ಗೊತ್ತಿಲ್ಲ. ಒಂದು ಕೇಳ್ಕೋತೀನಿ. ಮುಂದೆ ಅಂಗಡಿ ಹಿಡಿಯೋರು ಅವರದೇ ಬೋರ್ಡು ಹಾಕಿ ಅದನ್ನ ಮುಚ್ಚಿಬಿಟ್ರೆ?"

"ಮುಚ್ಚೋ ಹಾಗಿಲ್ಲ. ಒಳಗೆ ಯಾರೇ ಬರಲಿ, ಗೋಡೆ ಗೋಡೇನೇ. ಅದಕ್ಕೆ ನಾನು ಜವಾಬ್ದಾರಿ." ಇಷ್ಟು ಹೇಳಿ ಅವಳು ಎದ್ದು ಅವನ ಆರಿದ ಚಹಾ ಚೆಲ್ಲಿ ಬಿಸಿ ಚಹಾ ಬಗ್ಗಿಸಿದಳು. ಈ ಸಲ ಅವನು ಕುಡಿದ.

ಹೊರಗೆ ಬಂದಾಗ ಚಿಯಾ ಕೋಟಿನ ಗುಂಡಿಗಳನ್ನು ಕಿತ್ತುಹೋಗುವ ಹಾಗೆ ಬಿಚ್ಚುತ್ತ ಮುಂದೆ ಮುಂದೆ ನಡೆದ. ಕಟ್ಟೆ ತಿರುವಿನಲ್ಲಿ ನಿಂತು, ಹಿಂದೆ ನೋಡದೆಯೇ, "ಬೈಪಾಸಿಗೆ ಯಾವ ಬಸ್ಸೋ ಹೋಗೋದು?" ಎಂದು ಕೇಳಿದ. "ತಿಂಗಳಿಗೊಂದ್ಸಲ ನಿನ್ನ ತಲೆ ಕೆರೆಯೋಕೆ ಅಲ್ಲಿ ಯಾರಿದಾರೆ? ಕತ್ತೆ."

*

ಹೊಸವರ್ಷಕ್ಕೆ ಮುಂಚೆ ಮನೆ ಖಾಲಿ ಮಾಡಬೇಕಿತ್ತು. ಕೊನೆಯ ಬಿಸಿಲಿಗೆ ಪೆಕ್‌ಹಾ ಒಂದು ಒಬ್ಬೆ ಶಾವಿಗೆ ಎಳೆದು, ಬೀದಿಯ ಒಂದೊಂದು ಮನೆಗೂ ಒಂದೊಂದು ಕಟ್ಟು ಕೊಟ್ಟಳು. ಗಂಡನೊಡನೆ ಅವಳು ಮಾತು ಬಿಟ್ಟಿರಲಿಲ್ಲ, ಬೇಕಾದಷ್ಟೇ ಆಡುತ್ತಿದ್ದಳು. ಬಿದಿರುಕೋಲುಗಳನ್ನು ಯಾರಿಗಾದರೂ ಕೊಟ್ಟುಬಿಡೋಣವೇ ಎಂದು ಅವನು ಕೇಳಿದಾಗ, "ತಗೊಂಡು ಹೋಗೋಣ. ಅಲ್ಲಿ ಮಾಳಿಗೆ ಮೇಲೆ ಗಾಳಿ ಹೇಗಿದೆಯೋ ನೋಡೋಣ," ಎಂದಳು. ಮಾಳಿಗೆಯನ್ನು ಅವನು ನೋಡಿರಲಿಲ್ಲ. ಅವಳು ಯಾವಾಗಲೋ ಒಬ್ಬಳೇ ಹೋಗಿ ನೋಡಿ ಬಂದಿದ್ದಳು.

ಹೊರಡುವ ದಿನ ತಾಯಿ ಅಡುಗೆಮನೆಯಿಂದ ಬೇಗ ಬರಲಿಲ್ಲ. ಒಲೆ ಆರಿಸಿ, ಬೂದಿ ಗೋರಿ, ಮಣೆಯ ಮೇಲೆ ಅನ್ನ ಇಟ್ಟು, ಬರಿ ಗೋಡೆಯ ಕಡೆಗೆ ಮುಖ ಮಾಡಿ ಮಾತಾಡುತ್ತಿದ್ದಳು. ಅಪ್ಪನ ಫೋಟೊ ಬಟ್ಟೆಯಲ್ಲಿ ಸುತ್ತಿ ಅವಳ ಕಂಕುಳಲ್ಲಿತ್ತು.

"ನಾವು ಹೋಗ್ಬರ್ತೀವಿ. ಇಷ್ಟು ದಿನ ಜಾಗ ಕೊಟ್ರಿ. ಹೊಸಬರು ಬರ್ತಾರೆ, ಅವರಿಗೆ ಪದ್ಧತಿ ಗೊತ್ತಿದೆಯೋ ಇಲ್ವೋ, ಬೇಜಾರು ಮಾಡ್ಕೋಬೇಡಿ." ಆಮೇಲೆ ಮಗನತ್ತ ತಿರುಗಿದಳು. "ಬರೋರು ಒಲೆ ಹಚ್ಚಿ ಅನ್ನ ಮಾಡ್ತಾರಾ?"

"ಇಲ್ಲ ಅವ್ವ. ಕಾಫಿ ಮಾತ್ರ."

"ಬರೀ ಕಾಫಿನಾ?" ಎಂದಳು ಮುದುಕಿ. ಬಟ್ಟಲಿಗೆ ಇನ್ನೆರಡು ಸೌಟು ಅನ್ನ ಹಾಕಿ, ಮೇಲೆ ಒತ್ತಿ ಗುಡ್ಡೆ ಮಾಡಿದಳು.

ಮೂರುಗಾಲಿ ಗಾಡಿಯಲ್ಲಿ ಹಿಟ್ಟಿನ ಹಲಗೆ, ಕೋಲಿನ ಕಟ್ಟುಗಳು, ಪಾತ್ರೆಗಳು ತುಂಬಿದ್ದವು. ಪೆಕ್‌ಹಾ ಅತ್ತೆಯನ್ನು ಗಾಡಿಯವನ ಪಕ್ಕ ಕೂರಿಸಿ, ತಾನು ಹಿಂದೆ ಪಾತ್ರೆಗಳ ನಡುವೆ ಕಾಲಿಟ್ಟುಕೊಂಡು ಕುಳಿತಳು. ಎದುರು ಕೈಸಾಲೆಯ ಕೆಳಗೆ ಚಿಯಾ ಗಿರಾಕಿಯ ಮುಖಕ್ಕೆ ನೊರೆ ಹಚ್ಚಿ, ಕತ್ತಿ ಎತ್ತಿ ಹಿಡಿದು, ಕ್ಷೌರ ಮರೆತು ನಿಂತಿದ್ದ.

ಅಟ್ಟಣಿಗೆಯ ಮೇಲೆ ಬಣ್ಣದವನೊಬ್ಬ ಕೆಂಪು ಡಬ್ಬಿ ನೇತುಹಾಕಿಕೊಂಡು ಅಕ್ಷರಗಳಿಗೆ ಬಣ್ಣ ತುಂಬುತ್ತಿದ್ದ. ಮೂರು ಮುಗಿದು ನಾಲ್ಕನೆಯದರಲ್ಲಿದ್ದ. ಗೋಡೆಗೆ ಅಷ್ಟು ಹತ್ತಿರ ನಿಂತವನಿಗೆ ಪೂರ್ತಿ ಅಕ್ಷರ ಕಾಣುತ್ತಿರಲಿಲ್ಲ. ಅವನು ಕತ್ತು ಹೊರಳಿಸಿ ಕೆಳಗೆ ನೋಡಿ, ಬೀದಿಯಲ್ಲಿ ನಿಂತವನು ಯಾರೆಂದು ತಿಳಿಯದೆ ಕೂಗಿದ.

"ಯಜಮಾನ್ರೇ, ಸ್ವಲ್ಪ ನೋಡಿ ಹೇಳ್ತೀರಾ? ಎಲ್ಲಾ ಒಂದೇ ಸಮ ಬಂದಿದ್ಯಾ?"

ಗಾಡಿಯವನು ಹಾರನ್ ಒತ್ತಿದ. ತೆಕ್‌ಹೋಕ್ ಒಂದು ನಿಮಿಷ ಎಂದು ಕೈ ತೋರಿಸಿ, ಹಿಂದೆ ಹಿಂದೆ ನಡೆದು ಬೀದಿಯ ಆಚೆ ಬದಿಗೆ ಹೋಗಿ ನಿಂತ. ಬಿಸಿಲಿಗೆ ಕೈ ಅಡ್ಡ ಹಿಡಿದು ಎಡದಿಂದ ಬಲಕ್ಕೆ ನಾಲ್ಕನ್ನೂ ನೋಡಿದ.

"ಎರಡನೇದು ಪೇಲವ ಇದೆ," ಎಂದು ಕೂಗಿ ಹೇಳಿದ. "ಕೆಳಗಿನ ಗೆರೆ ಇನ್ನೊಂದ್ಸಲ ಬಳಿ."

ಬಣ್ಣದವನು ಕುಂಚ ಅದ್ದಿ ಬಳಿದ.

"ಈಗ?"

"ಇನ್ನೊಂದ್ಸಲ."